ನೂರು ಡಬ್ಬಿಯ ದರ

ಅಂಟಮ್ಮನ ಮನೆಗೆ ಯಾರಾದರೂ ಬಂದರೆ ಮೊದಲು ಡಬ್ಬಿಗಳು ಏಳಬೇಕಿತ್ತು, ಆಮೇಲೆ ಬಂದವರು ಕೂರಬೇಕಿತ್ತು. ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಚಪ್ಪಲಿ ಡಬ್ಬಿ, ಹಿಂದಿನ ಕೋಣೆಯಲ್ಲಿ ಕೊಯ್ದ ರಟ್ಟು, ಮಂಚದ ಕೆಳಗೆ ಮುಚ್ಚಳ. ಅವಳು ಒಂದು ಸಾಲನ್ನು ಎತ್ತಿ ಇನ್ನೊಂದರ ಮೇಲೆ ಪೇರಿಸಿ, ಖಾಲಿಯಾದ ಜಾಗ ತೋರಿಸಿ, "ಬನ್ನಿ, ಸಿಂಹಾಸನ ಖಾಲಿ ಇದೆ" ಎನ್ನುತ್ತಿದ್ದಳು. ಇಪ್ಪತ್ತೆಂಟು ವರ್ಷ ರಟ್ಟಿಗೆ ಅಂಟು ಬಳಿದ ಕೈ. ಎಷ್ಟು ತೊಳೆದರೂ ಉಗುರಿನ ಸಂದಿಯ ಬಿಳುಪು ಹೋಗುತ್ತಿರಲಿಲ್ಲ. ಬೀದಿಯವರು ಅವಳಿಗೆ ಆ ಹೆಸರಿಟ್ಟದ್ದು ಅದಕ್ಕೇ.

ರಟ್ಟು ಕೊಯ್ದು ಮಡಿಕೆಗೆ ಗೀರು ಹಾಕುವುದು ಗಂಡನ ಕೆಲಸ. ಅಂಟು ಕಾಯಿಸುವುದು, ಮಡಿಸುವುದು, ಮೇಲೆ ಬಿಳಿ ಕಾಗದ ಹೊದಿಸುವುದು ಅಂಟಮ್ಮನದು. ಮುಚ್ಚಳಕ್ಕೆ ಮೂಲೆಮನೆಯಾಕೆ ಕೂಲಿಗೆ ಬರುತ್ತಿದ್ದಳು. ಮಗ ಸೈಕಲ್ ಗಾಡಿಯಲ್ಲಿ ಹೇರಿಕೊಂಡು ಹೋಗಿ ಅಂಗಡಿಗೆ ಮುಟ್ಟಿಸುತ್ತಿದ್ದ. ಗಿರಾಕಿ ಒಬ್ಬನೇ, ದೊಡ್ಡ ಬೀದಿಯ ಚಪ್ಪಲಿ ಅಂಗಡಿ. ತಿಂಗಳಿಗೆ ಎಂಟು ಸಾವಿರ ಡಬ್ಬಿ.

ಈ ಕೆಲಸಕ್ಕೆ ಕೈ ಹಾಕದಿದ್ದವಳು ಮಗಳೊಬ್ಬಳೇ. ಅವಳ ಕೈಗೆ ಅಂಟು ತಾಗಬಾರದು ಎಂಬುದು ಅಂಟಮ್ಮನ ಹಟ. ರಕ್ತ ಪರೀಕ್ಷೆ ಮಾಡುವುದನ್ನು ಕಲಿಸುವ ಎರಡು ವರ್ಷದ ಕೋರ್ಸಿಗೆ ಅವಳನ್ನು ಸೇರಿಸಿದ್ದರು. ಇನ್ನು ಹನ್ನೊಂದು ವಾರ ಕಳೆದರೆ ಪರೀಕ್ಷೆ, ಅದಾದ ಮೇಲೆ ಯಾವುದಾದರೂ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ತಿಂಗಳ ಸಂಬಳ. ಅಣ್ಣ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದ. ಸೊಳ್ಳೆ ಕಚ್ಚಿದರೂ, "ಡಾಕ್ಟ್ರಮ್ಮ, ನನ್ನ ರಕ್ತ ತಗೊಂಡು ಹೋಯ್ತು ನೋಡು, ರಿಪೋರ್ಟು ಯಾವಾಗ ಬರುತ್ತೆ ಕೇಳು" ಎನ್ನುತ್ತಿದ್ದ.

ಹೀಗಿರುವಾಗ ಅಂಗಡಿಯ ಸಾಹುಕಾರರು ಹೇಳಿಕಳಿಸಿದರು. ಅಂಟಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಅವರು ಗಲ್ಲಾದ ಮೇಲೆ ಎರಡು ಡಬ್ಬಿ ಅಕ್ಕಪಕ್ಕ ಇಟ್ಟರು. ಒಂದು ಅವಳದು. ಇನ್ನೊಂದು ಚಪ್ಪಟೆಯಾಗಿ ಮಲಗಿತ್ತು. ಸಾಹುಕಾರರು ಎರಡು ಬೆರಳಲ್ಲಿ ಒತ್ತಿದ ಕೂಡಲೇ ಎದ್ದು ಡಬ್ಬಿಯಾಯಿತು. ಮೂಲೆಗಳು ಚಾಕುವಿನಿಂದ ಕೊಯ್ದ ಹಾಗೆ ಇದ್ದವು. ಅಂಟಮ್ಮ ಅದನ್ನು ಎತ್ತಿ, ಒಳಗೆ ಕೈಯಾಡಿಸಿ, ಮೂಸಿ ನೋಡಿದಳು. ಹಿಟ್ಟಿನ ವಾಸನೆ ಇರಲಿಲ್ಲ.

ಊರಾಚೆ ಹೊಸದಾಗಿ ಮೆಷಿನ್ ಹಾಕಿದವರ ಮನುಷ್ಯ ಬಂದಿದ್ದನಂತೆ. ನೂರಕ್ಕೆ ಮುನ್ನೂರು ಎಂದನಂತೆ. ಸಾಹುಕಾರರು ಅಂಟಮ್ಮನಿಗೆ ನಾನೂರು ಕೊಡುತ್ತಿದ್ದರು. ಅವರು ಕೆಟ್ಟವರಲ್ಲ, ಹೇಳುವಾಗ ಅವಳ ಮುಖ ನೋಡದೆ ಗಲ್ಲಾದ ಬೀಗ ತಿರುಗಿಸುತ್ತಿದ್ದರು. ಬರುವ ಗಿರಾಕಿಗಳು ಫೋನ್ ಹಿಡಿದುಕೊಂಡೇ ಬರುತ್ತಾರೆ, ಬೇರೆ ಕಡೆಯ ರೇಟು ತೋರಿಸುತ್ತಾರೆ. ಎದುರಿನ ಅಂಗಡಿಯವನು ಆಗಲೇ ಜೋಡಿಗೆ ಇಪ್ಪತ್ತು ಇಳಿಸಿದ್ದಾನೆ. ತಾನೂ ಇಳಿಸಿದ್ದಾಗಿದೆ. ಆ ಇಪ್ಪತ್ತು ಎಲ್ಲಿಂದಲಾದರೂ ಬರಬೇಕಲ್ಲ.

"ಹಳೇ ಪರಿಚಯ, ಅದಕ್ಕೆ ಮೊದಲು ನಿಮ್ಮನ್ನ ಕೇಳ್ತಿದೀನಿ. ಆಗಲ್ಲ ಅಂದ್ರೆ ಬೇಜಾರಿಲ್ಲ" ಎಂದರು.

ಅಂಟಮ್ಮ ನಿಂತಲ್ಲೇ ಲೆಕ್ಕ ಹಾಕಿದಳು. ರಟ್ಟಿಗೆ ನೂರತೊಂಬತ್ತು, ಕಾಗದ, ಅಂಟು ಎಲ್ಲ ಸೇರಿ ಮೂವತ್ತು. ಇನ್ನೂರಿಪ್ಪತ್ತಾಯಿತು. ಮಿಕ್ಕ ಎಂಬತ್ತು ನಮ್ಮ ಕೈಕೆಲಸ ತಾನೆ.

"ನಾವೂ ಮುನ್ನೂರಕ್ಕೇ ಕೊಡ್ತೀವಿ" ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಈ ಮಾತು ಹೇಳಿದಳು. ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ಮೂಲೆಮನೆಯಾಕೆಗೆ ನೂರಕ್ಕೆ ಅರವತ್ತು ಕೊಡ್ತಿದೀವಿ. ಅದು ಹೋದ್ರೆ ಇಪ್ಪತ್ತು ಉಳಿಯುತ್ತೆ. ಅದನ್ನ ನಾಲ್ಕು ಜನ ತಿನ್ನೋದಾ, ನೆಕ್ಕೋದಾ?"

"ಆಕೆ ಬೇಡ ಇನ್ನು."

"ಮುಚ್ಚಳ?"

"ನಾನೇ ಮಾಡ್ತೀನಿ. ಬೆಳಗ್ಗೆ ಒಂದು ಗಂಟೆ ಬೇಗ ಎದ್ರೆ ಆಯ್ತು. ನಮ್ಮ ಕೈಗೆ ನಾವೇನು ಕೂಲಿ ಕೊಟ್ಕೋಬೇಕಾ?"

"ಕೊಡಬಾರದಾ ಅಮ್ಮ?" ಎಂದಳು ಮಗಳು.

"ಮನೆ ಕೆಲಸಕ್ಕೆ ಯಾರಾದ್ರೂ ಕೂಲಿ ಹಿಡೀತಾರೇನೇ."

ಮಗ ನೀರು ಕುಡಿದು ಲೋಟ ಇಟ್ಟ. "ಆ ಮೆಷಿನ್ನಿಗೆ ಕರೆಂಟಿನ ಖರ್ಚಾದರೂ ಹಿಡೀತಾರಮ್ಮ. ನಿನಗೆ ಅದೂ ಇಲ್ಲ."

ಅವಳು ನಕ್ಕಳು. ಗಂಡ ನಗಲಿಲ್ಲ. ನಾನು ಬೇರೆಲ್ಲಾದರೂ ಕೆಲಸ ನೋಡುತ್ತೇನೆ, ಇದನ್ನು ಇಲ್ಲಿಗೇ ಬಿಡೋಣ ಎಂದ. ಐವತ್ತೆಂಟು ವರ್ಷದವನಿಗೆ ಹನ್ನೊಂದು ವಾರದಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದು ಅವಳು ಕೇಳಿದಳು. ಮಗಳ ಶುಲ್ಕದ ಎರಡು ಕಂತು ಬಾಕಿ ಇದೆ. ಅವಳು ಪರೀಕ್ಷೆಗೆ ಕೂರುವ ತನಕ ಈ ಗಿರಾಕಿ ಕೈಬಿಡಬಾರದು. ಆಮೇಲೆ ಮೆಷಿನ್ನಿನವರು ಪುಕ್ಕಟೆ ಕೊಟ್ಟುಕೊಳ್ಳಲಿ. ಅಷ್ಟು ಹೇಳಿ ಅವಳು ಎದ್ದು ತಟ್ಟೆಗಳನ್ನು ಎತ್ತಿದಳು.

ಮೂಲೆಮನೆಯಾಕೆಗೆ ಸುದ್ದಿ ಹೇಳಲು ಹೊರಟಾಗ ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಒಂದು ಹಿಡಿ ಸಕ್ಕರೆ ಕಟ್ಟಿಕೊಂಡು ಹೋದಳು. ಆಕೆ ಪೊಟ್ಟಣ ಇಸಿದುಕೊಂಡು, ಕಾರಣ ಎಲ್ಲ ಕೇಳಿ, ತನ್ನ ಕಾಲ ಕಡೆ ನೋಡಿದಳು. ಹೊಸ ಚಪ್ಪಲಿ ಇತ್ತು.

"ಹೋದ ವಾರ ಅದೇ ಅಂಗಡೀಲಿ ತಗೊಂಡೆ. ಇಪ್ಪತ್ತು ಕಡಿಮೆ ಮಾಡಿದ್ರು. ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೆ ನಾನು" ಎಂದಳು.

ಆ ದಿನದಿಂದ ಅಂಟಮ್ಮ ನಾಲ್ಕಕ್ಕೆ ಏಳತೊಡಗಿದಳು. ಅಡುಗೆ ಮಾಡುವಾಗ ಒಂದು ಕೈ ಸೌಟಿನಲ್ಲಿ, ಒಂದು ಕೈ ಮುಚ್ಚಳದ ಮೇಲೆ. ಮಗ ಗಾಡಿ ಹೊಡೆದು ಬಂದು ಕಾಗದ ಹೊದಿಸುತ್ತಿದ್ದ. ಸಂಜೆ ಮಗಳು ಪುಸ್ತಕ ಹಿಡಿದು ಕೂತರೆ ಅಂಟಮ್ಮ ಅವಳ ಕಡೆಗೆ ಬೆನ್ನು ಮಾಡಿ ಕೂತು ಕೆಲಸ ಮಾಡುತ್ತಿದ್ದಳು. ಮಗಳು ಎರಡು ಸಲ ಪುಟ ತಿರುಗಿಸಿ, ಪುಸ್ತಕ ಮಡಚಿಟ್ಟು, ಬಂದು ಪಕ್ಕದಲ್ಲಿ ಕೂತಳು. ಮೊದಲ ದಿನ ಅಂಟಮ್ಮ ಅವಳ ಕೈಯಿಂದ ಮುಚ್ಚಳ ಕಿತ್ತುಕೊಂಡಳು. ಎರಡನೆಯ ದಿನವೂ ಕಿತ್ತುಕೊಂಡಳು. ಮೂರನೆಯ ದಿನ ನೋಡಿಯೂ ನೋಡದ ಹಾಗೆ ಇದ್ದಳು.

ಆ ತಿಂಗಳು ಬಾಡಿಗೆ ಕಟ್ಟಿದರು, ಶುಲ್ಕದ ಒಂದು ಕಂತನ್ನೂ ಕಟ್ಟಿದರು. ನೋಡಿದಿರಾ, ಆಗಲಿಲ್ಲವೇ ಎಂದು ಅಂಟಮ್ಮ ಗಂಡನನ್ನು ಕೇಳಿದಳು. ಅವನು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಬೋರಲು ಮಲಗಿದ್ದ. ಆಯಿತಮ್ಮ, ಆಯಿತು ಎಂದ ದಿಂಬಿನೊಳಗೇ.

ಮಗನಿಗೆ ಸುಮ್ಮನಿರಲಾಗಲಿಲ್ಲ. ಒಂದು ದಿನ ಗಾಡಿ ತಿರುಗಿಸಿ ಊರಾಚೆಯ ಆ ಕಾರ್ಖಾನೆಗೇ ಹೋಗಿ ಕೆಲಸ ಕೇಳಿದ. ಬಂದವನು ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕಂಡದ್ದನ್ನು ಹೇಳಿದ. ಮೆಷಿನ್ ಉದ್ದಕ್ಕೆ ಈ ಬೀದಿಯಷ್ಟಿದೆ. ಒಂದು ತುದಿಯಲ್ಲಿ ರಟ್ಟು ನುಂಗುತ್ತದೆ, ಇನ್ನೊಂದು ತುದಿಯಲ್ಲಿ ಡಬ್ಬಿ ಉಗುಳುತ್ತದೆ. ನಡುವೆ ಮನುಷ್ಯರೇ ಇಲ್ಲ. ಆ ತುದಿಗೆ ಇಬ್ಬರು, ಈ ತುದಿಗೆ ಇಬ್ಬರು, ಅಷ್ಟೇ. ನಾನು ನಿಂತು ಬೀಡಿ ಸೇದಿ ಮುಗಿಸುವುದರೊಳಗೆ ನಮ್ಮ ಒಂದು ದಿನದ ಡಬ್ಬಿ ಆಗಿಹೋಯಿತು ಎಂದ.

"ನೀನು ಬೀಡಿ ಯಾವಾಗಿಂದ ಸೇದ್ತೀಯ?" ಎಂದಳು ಅಂಟಮ್ಮ.

"ಅಮ್ಮ, ನಾನು ಹೇಳ್ತಿರೋದೇನು, ನೀನು ಕೇಳ್ತಿರೋದೇನು."

"ಕೆಲಸ ಕೊಟ್ರಾ?" ಎಂದ ಅಪ್ಪ.

ಕೊಟ್ಟಿರಲಿಲ್ಲ. ಇನ್ನೊಂದು ಮೆಷಿನ್ ಬರುತ್ತಿದೆ, ಅದಕ್ಕೂ ಈ ನಾಲ್ವರೇ ಸಾಕು ಎಂದರಂತೆ. ಮೇಸ್ತ್ರಿ ಮಾತಿಗೆ ಸಿಕ್ಕಿದ್ದ. ಸಾಲ ಮಾಡಿ ತಂದ ಮೆಷಿನ್ ಅದು, ನಿಂತರೆ ಬಡ್ಡಿ ಬೆಳೆಯುತ್ತದೆ. ಅದಕ್ಕೇ ಹಗಲೂ ರಾತ್ರಿ ಓಡಿಸುತ್ತಾರೆ. ಓಡಿದಷ್ಟೂ ಡಬ್ಬಿ ಬೀಳುತ್ತದೆ, ಬಿದ್ದ ಡಬ್ಬಿಯನ್ನು ಯಾವ ರೇಟಿಗಾದರೂ ಸಾಗಹಾಕಬೇಕು. ದರ ಇನ್ನೂ ಇಳಿಯುತ್ತದೆ ಎಂದು ಅವನೇ ಹೇಳಿದನಂತೆ, ತನಗೂ ನಿದ್ದೆಯಿಲ್ಲ ಎಂಬಂತೆ ಕಣ್ಣುಜ್ಜಿಕೊಂಡು.

ಮೇಸ್ತ್ರಿಯ ಮಾತು ಸುಳ್ಳಾಗಲಿಲ್ಲ. ಮುಂದಿನ ವಾರವೇ ಸಾಹುಕಾರರು ಇನ್ನೂರ ಅರವತ್ತು ಎಂದರು. ಅಂಟಮ್ಮ ಈ ಸಲ ನಿಂತು ಲೆಕ್ಕ ಹಾಕಲೂ ಇಲ್ಲ. ಆಗಲಿ ಎಂದು ಬಂದಳು. ಪರೀಕ್ಷೆಗೆ ಏಳು ವಾರವಿತ್ತು.

ಅಲ್ಲಿಂದ ಮನೆಯಲ್ಲಿ ಒಂದೊಂದೇ ಕಡಿಮೆಯಾಯಿತು. ಮೊದಲು ಹಾಲು ಹೋಯಿತು. ಆಮೇಲೆ ಮಧ್ಯಾಹ್ನದ ಪಲ್ಯ ಹೋಗಿ ಬರೀ ಅನ್ನ, ಬೇಳೆ ಉಳಿಯಿತು. ಬೇಳೆ ನೀರಾಯಿತು. ಮಗ, "ಅಮ್ಮ, ಒಂದು ಬೇಳೆಕಾಳು ಕಂಡೆ, ಹಿಡ್ಕೊಳ್ಳೋದ್ರೊಳಗೆ ಈಜ್ಕೊಂಡು ಹೋಯ್ತು" ಎಂದ. ಅವನ ಅಪ್ಪ ಎಂದೂ ಊಟದ ಬಗ್ಗೆ ತಕರಾರು ಮಾಡದವನು, ಅಂದು ತಟ್ಟೆ ಸರಿಸಿ ಎದ್ದುಹೋದ. ಹಸಿವಿಲ್ಲ ಎಂದ. ಅವನ ಹಸಿವು ಹೇಗಿರುತ್ತದೆಂದು ಅಂಟಮ್ಮನಿಗೆ ಗೊತ್ತಿತ್ತು. ಸರಿಸಿದ ಅನ್ನವನ್ನು ಮಗಳ ತಟ್ಟೆಗೆ ಹಾಕಿದಳು.

ಮಗಳು ಈಗ ಬೆಳಗಿನ ಪಾಠಕ್ಕೆ ಹೋಗುತ್ತಿರಲಿಲ್ಲ. ಅದನ್ನು ಮನೆಯಲ್ಲೇ ಓದಿಕೊಳ್ಳಬಹುದು, ಪ್ರಾಕ್ಟಿಕಲ್ ತಪ್ಪಿಸದಿದ್ದರೆ ಸಾಕು ಎಂದಿದ್ದಳು. ಹನ್ನೊಂದರ ತನಕ ಮಡಿಸಿ, ಕೈ ತೊಳೆದು, ಬಸ್ಸಿಗೆ ಓಡುತ್ತಿದ್ದಳು. ಎರಡು ಮೂರು ಸಲ ಬಸ್ಸು ತಪ್ಪಿತು. ಬಸ್ಸು ತಪ್ಪಿದ ದಿನ ವಾಪಸು ಬಂದು ಮತ್ತೆ ಮಡಿಸಲು ಕೂರುತ್ತಿದ್ದಳು. ಗಂಡ ಅದನ್ನು ನೋಡಿ ಹೆಂಡತಿಗೆ ಹೇಳಿದ, ಯಾರನ್ನು ಓದಿಸೋಕೆ ಈ ಡಬ್ಬಿ ಮಾಡ್ತಿದೀವೋ ಅವಳೇ ಇಲ್ಲಿ ಕೂತಿದಾಳಲ್ಲೇ ಎಂದು. ಇನ್ನು ಐದು ವಾರ ತಾನೆ ಎಂದಳು ಅಂಟಮ್ಮ.

ಮೈದಾ ಹಿಟ್ಟಿನ ಅಂಟಿಗೆ ಅವರ ಮನೆಯಲ್ಲಿ ಮೈಲುತುತ್ತ ಹಾಕುತ್ತಿದ್ದರು. ನೀಲಿ ಹರಳಿನಂಥ ವಿಷ. ಕುಟ್ಟಿ ಪುಡಿ ಮಾಡಿ ಒಂದು ಚಿಟಿಕೆ ಬೆರೆಸಿದರೆ ಅಂಟಿಗೆ ಬೂಷ್ಟು ಹಿಡಿಯದು, ಹುಳ ಹತ್ತಿರ ಸುಳಿಯದು. ಗಂಡನ ಅಪ್ಪನ ಕಾಲದಿಂದ ಬಂದ ಪದ್ಧತಿ. ಆ ಪಾತ್ರೆಗೆ ಬೇರೆ ಒಲೆ, ಬೇರೆ ಸೌಟು. ಆ ವಾರ ಡಬ್ಬದಲ್ಲಿ ಹರಳು ಮುಗಿದಿತ್ತು. ಅಂಗಡಿಯಲ್ಲಿ ಕೇಳಿದರೆ ದುಪ್ಪಟ್ಟು ಹೇಳಿದರು. ಬಕೆಟ್ಟು ಅಗ್ಗ, ಚಪ್ಪಲಿ ಅಗ್ಗ, ಬಟ್ಟೆ ಅಗ್ಗ, ತನಗೆ ಬೇಕಾದ್ದೊಂದೇ ತುಟ್ಟಿ ಎಂದು ಅಂಟಮ್ಮ ಗೊಣಗಿದಳು. ಡಬ್ಬಿ ಅಂಗಡಿಯಲ್ಲಿ ಇರುವುದು ಹೆಚ್ಚೆಂದರೆ ಒಂದು ತಿಂಗಳು. ಅಷ್ಟರೊಳಗೆ ಯಾವ ಹುಳ ಬಂದು ಏನು ತಿಂದೀತು. ಆ ದುಡ್ಡಿನಲ್ಲಿ ಅರ್ಧ ಡಜನ್ ಮೊಟ್ಟೆ ತಂದಳು. ದಿನಕ್ಕೊಂದು ಬೇಯಿಸಿ ಮಗಳಿಗೆ ಕೊಟ್ಟಳು. ಯಾರಿಗೂ ಹೇಳಲಿಲ್ಲ.

ಮೂರು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ, ಟೆಂಪೊ ಒಂದು ಬಂದು ಮನೆ ಮುಂದೆ ನಿಂತಿತು. ಎಂದೂ ಇತ್ತ ಬಾರದ ಸಾಹುಕಾರರು ಮುಂದಿನ ಸೀಟಿನಿಂದ ಇಳಿದರು. ಹಿಂದೆ ಡಬ್ಬಿ ತುಂಬಿತ್ತು. ಅವರು ಒಂದನ್ನು ತೆಗೆದು ಅಂಟಮ್ಮನ ಕೈಗೆ ಕೊಟ್ಟರು. ನಾಲ್ಕೂ ಮೂಲೆಯಲ್ಲಿ ಅಂಟು ಇದ್ದ ಕಡೆ ಕಾಗದ ಜಾಲರಿಯಾಗಿತ್ತು. ಅವಳು ಹಿಡಿದ ಹಾಗೇ ಅದು ಬಿಚ್ಚಿಕೊಂಡಿತು.

ಯಾರೋ ಹೆಂಗಸು ಮಗನಿಗೆ ಶಾಲೆಯ ಬೂಟು ಕೊಂಡು ಹೋಗುವಾಗ ನಡುಬೀದಿಯಲ್ಲಿ ಡಬ್ಬಿಯ ತಳ ಕಳಚಿತಂತೆ. ಬೂಟಿನ ಜೊತೆ ಜಿರಲೆಯೂ ಬಿತ್ತಂತೆ. ಆಕೆ ವಾಪಸು ಬಂದು ಅಂಗಡಿ ತುಂಬ ಜನರಿದ್ದಾಗ ಕೂಗಾಡಿದಳು. ಉಗ್ರಾಣ ತೆಗೆದು ನೋಡಿದರೆ ಎರಡು ಸಾವಿರ ಡಬ್ಬಿ ಹೀಗೇ.

"ಶಾಲೆ ಶುರುವಾಗೋ ಹೊತ್ತು. ವರ್ಷಕ್ಕೆ ಒಂದು ಸಲ ನಾನು ನಾಲ್ಕು ಕಾಸು ನೋಡೋ ಹೊತ್ತು" ಎಂದರು ಸಾಹುಕಾರರು. ದನಿ ಏರಿಸಲಿಲ್ಲ. ಗುರುವಾರ ಸಂಜೆಗೆ ಎರಡು ಸಾವಿರ ಹೊಸ ಡಬ್ಬಿ ಬರಬೇಕು, ರಟ್ಟಿನ ಖರ್ಚು ನಿಮ್ಮದೇ. ಬಾರದಿದ್ದರೆ ಶುಕ್ರವಾರ ಮೆಷಿನ್ನಿನವರಿಗೆ ಹೇಳಿಬಿಡುತ್ತೇನೆ ಎಂದು ಟೆಂಪೊ ಹತ್ತಿದರು. ಅಂದು ಸೋಮವಾರ.

ಗಂಡ ಬಿಚ್ಚಿದ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಒಣಗಿದ ಅಂಟಿನಲ್ಲಿ ನೀಲಿಯ ಛಾಯೆ ಇರಲಿಲ್ಲ.

"ಮೈಲುತುತ್ತ ಹಾಕಿಲ್ವಾ?"

ಅಂಟಮ್ಮ ಹರಳಿನ ಖಾಲಿ ಡಬ್ಬವನ್ನು ತಂದು ಅವನ ಮುಂದಿಟ್ಟಳು.

"ಎಷ್ಟು ಉಳೀತು?"

"ಆರು ಮೊಟ್ಟೆ" ಎಂದಳು.

ಅವನು ಬೈಯುತ್ತಾನೆಂದು ಮಕ್ಕಳಿಬ್ಬರೂ ಕಾದರು. ಅವನು ಡಬ್ಬಿಯನ್ನು ನೆಲಕ್ಕಿಟ್ಟು, ಚಾಕು ಮಸೆಯುವ ಕಲ್ಲನ್ನು ಹುಡುಕತೊಡಗಿದ. ನನ್ನ ಅಪ್ಪನ ಕಾಲದಿಂದ ಈ ಮನೆಗೆ ಡಬ್ಬಿ ವಾಪಸು ಬಂದಿರಲಿಲ್ಲ ಎಂದು, ಯಾರಿಗೂ ಅಲ್ಲವೆಂಬಂತೆ ಹೇಳಿದ.

ರಟ್ಟು ತರಲು ದುಡ್ಡಿರಲಿಲ್ಲ. ಶುಲ್ಕದ ಕೊನೆಯ ಕಂತಿಗೆಂದು ಎತ್ತಿಟ್ಟದ್ದು ಅಷ್ಟೇ ಇತ್ತು. ಅದನ್ನು ಅಂಟಮ್ಮ ಮಗನ ಕೈಗೆ ಕೊಟ್ಟಳು. ಆರ್ಡರು ಉಳಿದರೆ ತಿಂಗಳ ಕೊನೆಗೆ ಕಂತು ಕಟ್ಟಬಹುದು, ಆರ್ಡರೇ ಹೋದರೆ ಏನೂ ಇಲ್ಲ. ಮಗಳು ಬ್ಯಾಗನ್ನು ಮೊಳೆಗೆ ತಗುಲಿಸಿ ತಾಯಿಯ ಮುಂದೆ ಬಂದು ಕೂತಳು.

"ಅಮ್ಮ, ಸರಿಯಾಗಿ ಕೇಳಿಸ್ಕೋ. ಬಸ್ಸು ತಪ್ಪಿದ್ದೆಲ್ಲ ಸೇರಿ ನಂದು ತುಂಬಾ ದಿನ ಹೋಗಿದೆ. ಇನ್ನು ಎರಡು ದಿನ ತಪ್ಪಿಸಬಹುದು. ಮೂರನೇದು ತಪ್ಪಿದ್ರೆ ಪರೀಕ್ಷೆಗೆ ಕೂರಿಸಲ್ಲ. ಮತ್ತೆ ಇಡೀ ವರ್ಷ, ಮತ್ತೆ ಪೂರ್ತಿ ಶುಲ್ಕ."

"ಎರಡು ದಿನ ಸಾಕು" ಎಂದಳು ಅಂಟಮ್ಮ. "ನಾಲ್ಕು ಜನ, ಎಂಟು ಕೈ. ಬುಧವಾರ ನೀನು ಹೋಗೇ ಹೋಗ್ತೀಯ."

ಸೋಮವಾರ ನಾನೂರು ಆಯಿತು. ಮಂಗಳವಾರ ಮೋಡ ಹಾಕಿತು. ಅಂಟು ಒಣಗಲಿಲ್ಲ, ಮಡಿಸಿದ ಗೋಡೆಗಳು ಬಿಟ್ಟ ಕೂಡಲೇ ಬಾಯಿ ಬಿಡುತ್ತಿದ್ದವು. ಒಂದೊಂದನ್ನೂ ಮೊಣಕಾಲ ನಡುವೆ ಒತ್ತಿ ಹಿಡಿದು ಕೂರಬೇಕಾಯಿತು. ಮಗ ಅಡುಗೆಮನೆಯ ಒಲೆ ಹಚ್ಚಿ ಡಬ್ಬಿಗಳನ್ನು ಸುತ್ತ ನಿಲ್ಲಿಸಿದ, ಇಪ್ಪತ್ತು ಡಬ್ಬಿ ಕಂದಿ ಕೆಟ್ಟವು. ಅಡುಗೆಗೆ ಒಲೆ ಖಾಲಿ ಇರಲಿಲ್ಲ. ಬ್ರೆಡ್ಡು ತಂದು ನೀರಲ್ಲಿ ಅದ್ದಿ ತಿಂದರು. ಗಂಡನ ಚಾಕು ಜಾರಿ ಹೆಬ್ಬೆರಳು ಸೀಳಿತು. ಮಗಳು ಬಟ್ಟೆ ಹರಿದು ಕಟ್ಟಿದಳು. ರಕ್ತ ಬಿದ್ದ ರಟ್ಟುಗಳನ್ನು ಅಂಟಮ್ಮ ಬೇರೆ ಎತ್ತಿಟ್ಟು, ಕಲೆ ಒಳಗೆ ಬರುವ ಹಾಗೆ ಮಡಿಸಿದಳು.

ಬುಧವಾರ ಬೆಳಿಗ್ಗೆ ಎಣಿಸಿದಾಗ ಎಂಟುನೂರ ಎಪ್ಪತ್ತು ಆಗಿತ್ತು. ಸಾವಿರದ ನೂರ ಮೂವತ್ತು ಬಾಕಿ.

ಮಗಳು ಸ್ನಾನ ಮಾಡಿ, ಬಿಳಿ ಕೋಟನ್ನು ಮಡಿಸಿ ಬ್ಯಾಗಿಗೆ ಹಾಕಿ, ಜಡೆ ಹೆಣೆದುಕೊಂಡು ಬಾಗಿಲಿಗೆ ಬಂದಳು. ಅಪ್ಪ ರಟ್ಟು ಕೊಯ್ಯಲು ಒಂದೇ ಕೈಯಲ್ಲಿ ಉಕ್ಕಿನ ಅಳತೆಪಟ್ಟಿ ಒತ್ತಿ ಹಿಡಿಯಲು ಹೆಣಗುತ್ತಿದ್ದ. ಮಗ ಕಾಗದದ ಮೇಲೆ ತೂಕಡಿಸುತ್ತಿದ್ದ. ಯಾರೂ ತಲೆ ಎತ್ತಲಿಲ್ಲ. ಮಗಳು ಚಪ್ಪಲಿ ಮೆಟ್ಟಿದಳು.

"ಪುಟ್ಟಿ" ಎಂದಳು ಅಂಟಮ್ಮ.

ಮಗಳು ನಿಂತಳು, ತಿರುಗಲಿಲ್ಲ.

"ಮಧ್ಯಾಹ್ನದ ತನಕ ಕೂತ್ಕೋ. ನಾನೇ ಬಂದು ನಿಮ್ಮ ಮೇಡಂ ಹತ್ರ ಮಾತಾಡ್ತೀನಿ. ಅವರೂ ಹೆಂಗಸು, ಅವರಿಗೂ ಮನೆ ಇರುತ್ತೆ. ಕಾಲಿಗೆ ಬೇಕಾದ್ರೂ ಬೀಳ್ತೀನಿ."

"ಹೋಗು ಮಗಳೇ ನೀನು" ಎಂದ ಅಪ್ಪ. "ಹೋದ್ರೆ ಹೋಗ್ಲಿ ಈ ಗಿರಾಕಿ."

"ಹೋದ್ರೆ ಕಂತು ಎಲ್ಲಿಂದ ಕಟ್ತೀರಿ? ರಟ್ಟಿಗೆ ಸುರಿದಾಗಿದೆ ದುಡ್ಡು. ಕಂತು ಕಟ್ಟದಿದ್ರೂ ಕೂರಿಸಲ್ಲ ಅವರು."

ಅದು ನಿಜವಾಗಿತ್ತು. ಹೋದರೂ ಕೂರಿಸುವುದಿಲ್ಲ, ಹೋಗದಿದ್ದರೂ ಕೂರಿಸುವುದಿಲ್ಲ. ಒಬ್ಬ ಮನುಷ್ಯನ ಕಾಲಿಗೆ ಬೀಳಬಹುದಾದ ದಾರಿ ಒಂದೇ ಉಳಿದಿತ್ತು, ಅಂಟಮ್ಮ ಅದನ್ನು ಹಿಡಿದಿದ್ದಳು. ಮಗಳು ಹೊಸ್ತಿಲ ಮೇಲೇ ಚಪ್ಪಲಿ ಬಿಟ್ಟಳು. ಬ್ಯಾಗು ಇಳಿಸಿದಳು. ಮಧ್ಯಾಹ್ನವಾಯಿತು. ಮಧ್ಯಾಹ್ನ ಕಳೆದದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗುರುವಾರ ಸಂಜೆ ಎರಡು ಸಾವಿರ ಡಬ್ಬಿ ಅಂಗಡಿ ಮುಟ್ಟಿತು.

ಶುಕ್ರವಾರ ತಾಯಿ ಮಗಳು ಇಬ್ಬರೂ ಸಂಸ್ಥೆಗೆ ಹೋದರು. ಮೇಡಂ ಮೃದುವಾಗಿ ಮಾತಾಡುವವರು. ಅಂಟಮ್ಮ ಹೇಳಿದ್ದನ್ನೆಲ್ಲ ಕೇಳಿದರು, ಕೂರಲು ಕುರ್ಚಿ ಕೊಟ್ಟರು, ನೀರು ತರಿಸಿದರು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಹೆಸರುಗಳ ಸಾಲಿನಲ್ಲಿ ಒಂದು ಹೆಸರು ಮಾತ್ರ ಮಸುಕಾಗಿತ್ತು.

"ಮೂರನೇ ದಿನ ಸಂಜೆ ಅದೇ ತೆಗೆದುಬಿಟ್ಟಿದೆ. ನಾನು ತೆಗೆದಿದ್ದಲ್ಲಮ್ಮ. ವಾಪಸ್ ಹಾಕೋಕೂ ನನಗೆ ಬರಲ್ಲ."

"ಮೊದಲು ಹಾಜರಿ ಪುಸ್ತಕ ಇತ್ತಲ್ಲ ಮೇಡಂ."

"ಇತ್ತು. ಬರೀತಿದ್ದ ಗುಮಾಸ್ತರೂ ಇದ್ರು. ಒಂದೆರಡು ದಿನ ಹೆಚ್ಚುಕಮ್ಮಿ ಮಾಡ್ತಿದ್ರು, ಪಾಪ. ಖರ್ಚು ಜಾಸ್ತಿ ಅಂತ ಅವರನ್ನೂ ತೆಗೆದ್ರು. ಅವರನ್ನ ತೆಗೆದ್ರೆ ಶುಲ್ಕ ಇಳಿಯುತ್ತೆ ಅಂತಿದ್ರು." ಮೇಡಂ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಇಳೀಲಿಲ್ಲ."

ಅಂಟಮ್ಮ ಕುರ್ಚಿಯಿಂದ ಇಳಿದು ಬಗ್ಗಿದಳು. ಮಗಳು ರಟ್ಟೆ ಹಿಡಿದು ಎತ್ತಿದಳು. ಕಾಲಿಗೆ ಬಿದ್ದರೆ ಕಂಪ್ಯೂಟರಿಗೆ ಕಾಣುವುದಿಲ್ಲ ಎಂದು ಕಿವಿಯಲ್ಲಿ ಹೇಳಿ ಹೊರಗೆ ಕರೆತಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ತಾಯಿಯನ್ನು ಕೂರಿಸಿ ತಾನು ಈಚೆ ಕೂತಳು. ಅತ್ತದ್ದು ತಾಯಿ. ಮಗಳು ಬೆರಳ ತುದಿಯ ಒಣ ಅಂಟನ್ನು ಕೆರೆದು ತೆಗೆಯುತ್ತಿದ್ದಳು.

ಮನೆಯಲ್ಲಿ ಗಂಡ ಅವರ ಮುಖ ನೋಡಿ ಒಳಗೆ ಹೋಗಿ ಮಲಗಿದ. ಮಗ ಮಾತ್ರ ಅಂದಿನಿಂದ ತಂಗಿಯನ್ನು ಡಾಕ್ಟ್ರಮ್ಮ ಎನ್ನುವುದನ್ನು ಬಿಟ್ಟ. ಬೇರೆ ಏನೆಂದು ಕರೆಯಬೇಕೆಂದು ತೋಚದೆ, ಏನೂ ಕರೆಯದೆ, ಎದುರಿಗೆ ಬಂದಾಗಷ್ಟೇ ಮಾತಾಡುತ್ತಿದ್ದ.

ಮರುವಾರ ಸಾಹುಕಾರರು ಮತ್ತೆ ಕರೆಸಿದರು. ಮಗಳು ತಾನೂ ಬರುತ್ತೇನೆಂದು ಎದ್ದಳು. ಗಂಡ ಗಾಡಿ ತಂದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತ; ರಟ್ಟಿಗೆ ಮುಂಗಡ ಸಿಕ್ಕರೆ ಹಾಗೇ ಹೋಗಿ ಹೇರಿಕೊಂಡು ಬರುವುದೆಂದು. ಅಂಗಡಿಯಲ್ಲಿ ಶಾಲೆಯ ಬೂಟು ಕೊಳ್ಳುವವರ ನೂಕುನುಗ್ಗಲು. ಬೆಲೆ ಇಳಿಸಿದ ಚೀಟಿಗಳು ಪ್ರತಿ ಜೋಡಿಗೂ ನೇತಾಡುತ್ತಿದ್ದವು. ಒಬ್ಬ ತಂದೆ ಎರಡು ಮಕ್ಕಳಿಗೂ ಒಟ್ಟಿಗೇ ಕೊಳ್ಳಬಹುದಾಯಿತೆಂದು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದ.

ಡಬ್ಬಿ ಚೆನ್ನಾಗಿವೆ, ಮೂಲೆ ಗಟ್ಟಿಯಾಗಿವೆ ಎಂದರು ಸಾಹುಕಾರರು. ಮೆಷಿನ್ನಿನವರ ಮನುಷ್ಯ ನಿನ್ನೆ ಮತ್ತೆ ಬಂದಿದ್ದ. ಅವರ ಎರಡನೇ ಮೆಷಿನ್ ಶುರುವಾಯಿತಂತೆ. ಇನ್ನೂರ ಮೂವತ್ತು ಎನ್ನುತ್ತಾನೆ.

"ಇದು ನಿಮಗಾಗಲ್ಲ ಅಂತ ನನಗೂ ಗೊತ್ತು" ಎಂದರು. "ಹೇಳದೆ ನಿಲ್ಲಿಸಬಾರದಲ್ಲ, ಅದಕ್ಕೆ ಕರೆಸಿದೆ. ಇಷ್ಟು ವರ್ಷ ಮಾಡಿಕೊಟ್ರಿ."

ಅಂಟಮ್ಮನಿಗೆ ಎದೆಯ ಮೇಲಿನ ಭಾರ ಯಾರೋ ಎತ್ತಿದ ಹಾಗಾಯಿತು. ಇನ್ನು ಬೇಡ. ಯಾತಕ್ಕಾಗಿ ಹಿಡಿದುಕೊಂಡಿದ್ದೆವೋ ಅದೇ ಹೋಯಿತು. ಆಗುವುದಿಲ್ಲ ಸಾಹುಕಾರ್ರೇ ಎಂದು ಹೇಳಿ, ಕೈಮುಗಿದು, ಮನೆಗೆ ಹೋಗಿ ಒಂದು ದಿನ ಪೂರ್ತಿ ನಿದ್ದೆ ಮಾಡಬೇಕು. ಅವಳು ಬಾಯಿ ತೆರೆದಳು.

"ಇನ್ನೂರಿಪ್ಪತ್ತಕ್ಕೆ ಕೊಡ್ತೀವಿ" ಎಂದಳು ಮಗಳು.

ಸಾಹುಕಾರರು ಅವಳು ತಪ್ಪಿ ಹೇಳಿದಳೆಂದುಕೊಂಡರು. "ಅವರು ಹೇಳಿದ್ದು ಇನ್ನೂರ ಮೂವತ್ತಮ್ಮ."

"ಗೊತ್ತು. ಅವರಿಗಿಂತ ಹತ್ತು ಕಡಿಮೆ. ಆದ್ರೆ ಒಂದು ವರ್ಷ ಬೇರೆಯವರನ್ನ ಕೇಳಬಾರದು."

"ನಿಮಗೇನು ಉಳಿಯುತ್ತೆ ಅದರಲ್ಲಿ?"

"ಇಷ್ಟು ದಿನ ನಾನು ಕಾಲೇಜಿಗೆ ಹೋಗ್ತಿದ್ದೆ. ಇನ್ನು ಹೋಗಲ್ಲ, ಮನೇಲೇ ಇರ್ತೀನಿ. ತಿಂಗಳಿಗೆ ಎಂಟಲ್ಲ, ಹನ್ನೆರಡು ಸಾವಿರ ಮಾಡ್ಬಹುದು. ರಟ್ಟು ಜಾಸ್ತಿ ತಗೊಂಡ್ರೆ ಅವರೂ ಏನಾದ್ರೂ ಬಿಡ್ತಾರೆ. ಆ ಬಿಟ್ಟಿದ್ದೇ ನಮಗೆ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಾಯಿಯನ್ನು ಚುಚ್ಚುವ ಇರಾದೆಯೂ ಇರಲಿಲ್ಲ. ಮುಂದಿನ ವರ್ಷದ ಶುಲ್ಕ ಎಲ್ಲಿಂದಲಾದರೂ ಬರಬೇಕು ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಅಂಟಮ್ಮ ಅವಳ ಮುಖ ನೋಡಲು ಹೋದವಳು ಕಣ್ಣು ಕೆಳಗೆ ಹಾಕಿದಳು.

ಸಾಹುಕಾರರು ಲೆಕ್ಕದ ಪುಸ್ತಕ ಎಳೆದುಕೊಂಡು ಪೆನ್ನಿನ ಟೋಪಿ ತೆಗೆದರು. ಹಿಂದೆ ಯಾರೋ ಆರನೇ ನಂಬರಿನ ಬೂಟು ಕೇಳುತ್ತಿದ್ದರು. ಸಾಹುಕಾರರು ಅದರಲ್ಲಿ ಎಂಟು ಸಾವಿರ ಎಂದು ಬರೆದಿದ್ದನ್ನು ಹೊಡೆದು ಹನ್ನೆರಡು ಸಾವಿರ ಎಂದು ಬರೆದು, ಮುಂಗಡ ಎಣಿಸಿ ಮಗಳ ಕೈಗೆ ಕೊಟ್ಟರು.

ಮೆಟ್ಟಿಲ ಕೆಳಗೆ ಗಂಡ ಗಾಡಿಗೆ ಒರಗಿಕೊಂಡು, ಬಟ್ಟೆ ಸುತ್ತಿದ ಹೆಬ್ಬೆರಳನ್ನು ಎದೆಗೆ ಒತ್ತಿ ಹಿಡಿದಿದ್ದ. ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ.

"ಏನಂದ್ರು?"

ಅಂಟಮ್ಮ ಗಾಡಿಯ ಹಿಂಬದಿಗೆ ಹೋಗಿ ತಳ್ಳಲು ಕೈಯಿಟ್ಟಳು.

"ಸಿಕ್ತು ಅಪ್ಪ" ಎಂದಳು ಮಗಳು.